ಸಳನ ಹುಲಿ, ಅಜ್ಜಿಯ ಗಿಳಿ

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ಹೋದವರು ನೋಡಿಬರುವುದು ಪಂಚಲಿಂಗೇಶ್ವರನ ಗುಡಿಯನ್ನು. ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ, ಸುಮಾರು 1238ರಲ್ಲಿ ಆದದ್ದು. ಒಂದೇ ಸಾಲಿನಲ್ಲಿ ಐದು ಗರ್ಭಗುಡಿ, ಇಂಥದ್ದು ಅಪರೂಪ. ಸೋಮನಾಥಪುರದಲ್ಲಿ ಹೆಸರು ಕೆತ್ತಿದ ರೂವಾರಿ ಮಲ್ಲಿತಮ್ಮ ಇಲ್ಲಿಯೂ ಉಳಿ ಹಿಡಿದಿದ್ದ. ಹತ್ತಿರದ ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿಯನ್ನು 1171ರಲ್ಲಿ ಕಟ್ಟಿಸಿದವಳಂತೂ ಒಬ್ಬ ಹೆಂಗಸು, ಬಮ್ಮವ್ವೆ ನಾಯಕಿತಿ. ಇದನ್ನು ನಮಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ಹೇಳಿದ್ದು ಸಳನ ಕಥೆ. ಅಂಗಡಿಯ ಕಾಡು, ವಾಸಂತಿಕೆಯ ಗುಡಿ, ಮೇಲೆರಗಿದ ಹುಲಿ, ‘ಹೊಯ್ ಸಳ’ ಎಂದ ಗುರು. ಹುಡುಗ ಹೊಡೆದ, ಒಂದು ರಾಜವಂಶವೇ ಹುಟ್ಟಿತು. 1117ರ ಬೇಲೂರು ಶಾಸನದಲ್ಲೇ ಈ ಕಥೆ ಬರುತ್ತದೆ. ಹುಲಿ ಚೋಳರ ಲಾಂಛನ, ತಲಕಾಡಿನಲ್ಲಿ ಅವರನ್ನು ಸೋಲಿಸಿದ ಮೇಲೆ ಕಟ್ಟಿದ ಕಥೆಯಿದು ಎನ್ನುವ ಇತಿಹಾಸಕಾರರಿದ್ದಾರೆ. ಇರಬಹುದು. ಅರಸರಿಗೂ ಒಂದು ಅಜ್ಜಿಕಥೆ ಬೇಕಾಗಿತ್ತೇನೋ.

ಗೋವಿಂದನಹಳ್ಳಿಯ ನಮ್ಮಜ್ಜಿಗೆ ಸಳ ಗೊತ್ತಿರಲಿಲ್ಲ. ಅವಳ ರಾಜಕುಮಾರ ಏಳು ಸಮುದ್ರ ದಾಟಿ, ಗಿಳಿಯ ಕತ್ತು ಮುರಿದು, ಅದರೊಳಗೆ ಅಡಗಿಸಿಟ್ಟ ರಾಕ್ಷಸನ ಪ್ರಾಣ ತೆಗೆಯುತ್ತಿದ್ದ. “ಹೂಂ ಅನ್ನು ಮಗಾ, ಇಲ್ದಿದ್ರೆ ಅವ್ನು ದಾರೀಲೇ ನಿಂತೋಯ್ತಾನೆ” ಅನ್ನುವಳು. ನಾವು ನಿದ್ದೆಗಣ್ಣಲ್ಲೇ ಹೂಂಗುಟ್ಟುತ್ತಿದ್ದೆವು. ಆದರೆ ಗಂಡಸರು ಜಗಲಿಯಲ್ಲಿ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಡೆಯುತ್ತಿದ್ದ ಕಥೆಗಳೇ ಬೇರೆ. ಅಲ್ಲಿ ಕಾಡು ಹೊಗುವವಳು ಹುಡುಗಿ.

ಹೂವಿನ ಗಿಡವಾಗುವ ಹುಡುಗಿಯ ಕಥೆ ಅಂಥದು. ಎ.ಕೆ. ರಾಮಾನುಜನ್ ಅದನ್ನು ಕರ್ನಾಟಕದಲ್ಲಿ ಸಂಗ್ರಹಿಸಿದ್ದರು. ಅವರು ತೀರಿಕೊಂಡದ್ದು 1993ರಲ್ಲಿ, ಆ ಹೆಸರಿನ ಪುಸ್ತಕ ಬಂದದ್ದು 1997ರಲ್ಲಿ. ಅದಕ್ಕೂ ಮೊದಲೇ, 1992ರಲ್ಲಿ, ಗಿರೀಶ ಕಾರ್ನಾಡರು ಅದನ್ನು ‘ಚೆಲುವಿ’ ಎಂಬ ಚಿತ್ರ ಮಾಡಿದ್ದರು. ಒಂದು ಬಿಂದಿಗೆ ನೀರು ಸುರಿದರೆ ಹುಡುಗಿ ಗಿಡವಾಗುತ್ತಾಳೆ. ಹೂ ಬಿಡಿಸಿಕೊಂಡು ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹೆಣ್ಣು. ಎಲೆ ಹರಿಯಬಾರದು, ಕೊಂಬೆ ಮುರಿಯಬಾರದು. ಮದುವೆಯಾಗಿ ಅರಮನೆ ಸೇರಿದವಳನ್ನು ನಾದಿನಿ ಬಲವಂತದಿಂದ ಗಿಡ ಮಾಡಿಸಿ, ಕೊಂಬೆ ಮುರಿದು ಬಿಟ್ಟುಹೋಗುತ್ತಾಳೆ. ಕೈಕಾಲಿಲ್ಲದ ಮೈ ಚರಂಡಿ ಪಾಲು. ಗಂಡ ಬೈರಾಗಿಯಂತೆ ಊರೂರು ಅಲೆಯುತ್ತಾನೆ. ಕೊನೆಗೆ ಸಿಕ್ಕಾಗ ಏನು ಮಾಡಬೇಕೆಂದು ಹೇಳಿಕೊಡುವವಳು ಅವಳೇ: ಗಿಡ ಮಾಡು, ಮುರಿದ ಕೊಂಬೆ ಕೂಡಿಸು, ನೀರು ಹುಯ್ಯಿ.

ಈ ಕಥೆಯ ರಾಕ್ಷಸ ಏಳು ಸಮುದ್ರದಾಚೆ ಇಲ್ಲ, ಹಿತ್ತಿಲಲ್ಲೇ ಇದ್ದಾನೆ. ಶಾಸನ ಬರೆಸಿದವರು ಹುಲಿಯನ್ನು ಕಲ್ಲಿನಲ್ಲಿ ನಿಲ್ಲಿಸಿದರು. ಈ ಗಿಡವನ್ನು ಉಳಿಸಿದ್ದು ಹೆಂಗಸರ ಬಾಯಿ.

ಚಿಕ್ಕಮ್ಮ ಗಂಡನ ಮನೆಗೆ ಹೊರಡುವ ಹಿಂದಿನ ರಾತ್ರಿ ಅಜ್ಜಿ ಹೇಳಿದ್ದು ಇದೇ ಕಥೆ. ನಾವೆಲ್ಲ ಹೂಂ ಅಂದೆವು. ಚಿಕ್ಕಮ್ಮ ಅನ್ನಲಿಲ್ಲ. ತುಂಬ ಹೊತ್ತಿನ ಮೇಲೆ ಕೇಳಿದಳು: “ಆ ನಾದಿನಿಗೆ ಏನಾಯ್ತವ್ವ?”