ಕೀಲಿಮಣೆ, ಅಕ್ಷರ, ಕಡತ: ಚಾಮರಾಜಪುರಂನಿಂದ ಕಂಡ ಲಿನಕ್ಸ್ ಕನ್ನಡ

ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಬಳಸುವ ಮಾತು ಬಂದಾಗಲೆಲ್ಲ ಚರ್ಚೆ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತದೆ: ದುಡ್ಡು ಉಳಿಯುತ್ತದೆಯೇ, ಕಲಿಯುವುದು ಕಷ್ಟವೇ. ಕನ್ನಡದಲ್ಲಿ ಓದುವ, ಬರೆಯುವ, ಕರಡು ತಿದ್ದುವ ಜನರ ಮಟ್ಟಿಗೆ ಇವೆರಡೂ ಮುಖ್ಯ ಪ್ರಶ್ನೆಗಳಲ್ಲ. ನಾವು ಟೈಪ್ ಮಾಡಿದ ಕನ್ನಡ ಕಡತದ ಒಳಗೂ ಕನ್ನಡವಾಗಿಯೇ ಇದೆಯೇ, ಅಥವಾ ಪರದೆಯ ಮೇಲೆ ಮಾತ್ರ ಹಾಗೆ ಕಾಣುತ್ತಿದೆಯೇ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ಲಿನಕ್ಸ್ ಬಳಸುವ ಕನ್ನಡಿಗರು ಉಳಿದವರಿಗಿಂತ ಮೊದಲೇ ಎದುರಾಗಬೇಕಾಯಿತು. ಅದಕ್ಕೆ ಕಾರಣ ಅವರ ದೂರದೃಷ್ಟಿಗಿಂತ ಹೆಚ್ಚಾಗಿ ಅವರಿಗಿದ್ದ ಒಂದು ಕೊರತೆ. ಆ ಕೊರತೆ ತಂದ ಫಲವನ್ನು ಇಂದು ಎಲ್ಲರೂ ಉಣ್ಣುತ್ತಿದ್ದಾರೆ ಎಂಬುದೇ ಈ ಲೇಖನದ ವಾದ. ಈ ವಾದಕ್ಕೆ ಆಕರಗಳು ಕನ್ನಡ ಮೂಡಿಸುವ ತಂತ್ರಾಂಶಗಳೇ: ಕೀಲಿಮಣೆಯ ವಿನ್ಯಾಸಗಳು, ಅಕ್ಷರ ಸಂಕೇತಗಳ ಪಟ್ಟಿ, ಫಾಂಟುಗಳು, ಅನುವಾದದ ಕಡತಗಳು. ಯಾರು ಬೇಕಾದರೂ ತೆರೆದು ಓದಬಹುದಾದ ಸಾಮಗ್ರಿ ಇದು.

ಈ ನೋಟಕ್ಕೆ ಮೈಸೂರಿನ ಚಾಮರಾಜಪುರಂ ಬಡಾವಣೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮೈಸೂರು ವಿಶ್ವವಿದ್ಯಾನಿಲಯದ ಕಾರ್ಯಸೌಧವಾದ ಕ್ರಾಫರ್ಡ್ ಹಾಲ್, 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ, ಮಹಾರಾಜ ಕಾಲೇಜು, ಯುವರಾಜ ಕಾಲೇಜು ಎಲ್ಲವೂ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಅರ್ಥಶಾಸ್ತ್ರದ ಓಲೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದದ್ದು ಆ ಸಂಶೋಧನಾಲಯದಿಂದಲೇ. ಇಂಥ ನೆರೆಹೊರೆಯಲ್ಲಿ ಕಂಪ್ಯೂಟರ್ ಎಂದರೆ ಬಹುಮಟ್ಟಿಗೆ ಬರವಣಿಗೆಯ ಸಾಧನ: ಪ್ರಬಂಧ, ಕರಡು, ಪದಪಟ್ಟಿ, ಮಂತ್ರಪಾಠ, ಅಭಿನಂದನ ಗ್ರಂಥದ ಲೇಖನ. ಹಾಗಾಗಿ ಅಕ್ಷರ ಕೆಟ್ಟರೆ ಕೆಲಸವೇ ಕೆಟ್ಟಂತೆ.

ಮೊದಲು ಆ ಕೊರತೆಯ ವಿಷಯ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ಬೆನ್ನಿಗೇ ಬಂದು ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಕನ್ನಡದ ಟೈಪಿಂಗನ್ನು ಮನೆಮನೆಗೆ ತಲುಪಿಸಿದ ಕೀರ್ತಿ ಇವೆರಡಕ್ಕೆ ಸಲ್ಲಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡೂ ರೂಪುಗೊಂಡದ್ದು ವಿಂಡೋಸ್‌ಗಾಗಿ. ಮೊದಮೊದಲು ಎರಡೂ ಬಳಸಿದ್ದು ಆಸ್ಕಿ ಫಾಂಟಿನ ಉಪಾಯವನ್ನು. ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸುವುದೇ ಆ ಉಪಾಯ. ‘ಕನ್ನಡ’ ಎಂಬ ಪದವನ್ನೇ ನೋಡಿ. ಆ ಪದ್ಧತಿಯ ಕಡತದಲ್ಲಿ ಅದು ಏಳು ಸಂಕೇತಗಳ ಸಾಲು: ಇಂಗ್ಲಿಷಿನ ದೊಡ್ಡ ಪಿ, ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಚಿಕ್ಕ ಕ್ಯೂ, ಮತ್ತೊಮ್ಮೆ ಗೀಟಿನ ಎ. ಪಿ ಇರುವ ಜಾಗದಲ್ಲಿ ಕಕಾರದ ಒಡಲು, ಗೀಟಿನ ಎ ಇರುವ ಜಾಗದಲ್ಲಿ ತಲೆಕಟ್ಟು, ಜೋಡಿ ಎಸ್ ಇರುವ ಜಾಗದಲ್ಲಿ ನಕಾರದ ಒತ್ತು. ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ. ಫಾಂಟ್ ತೆಗೆದರೆ ಉಳಿಯುವುದು ಪಿ, ಪೌಂಡ್ ಮತ್ತು ಕ್ಯೂ. ಕಂಪ್ಯೂಟರಿಗೆ ಅದರಲ್ಲಿ ಕನ್ನಡದ ಸುಳಿವೇ ಸಿಗುವುದಿಲ್ಲ. ಹುಡುಕಲಾಗದು, ಅಕಾರಾದಿಯಲ್ಲಿ ಜೋಡಿಸಲಾಗದು, ಗಟ್ಟಿಯಾಗಿ ಓದಿಸಲಾಗದು.

ಯೂನಿಕೋಡ್‌ನಲ್ಲಿ ಅದೇ ಪದ ಐದು ಸಂಕೇತಗಳು: ಕ, ನ, ವಿರಾಮ, ನ, ಡ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ ಒಟ್ಟು 15 ಬೈಟು. ಕಡತದಲ್ಲಿರುವುದು ವರ್ಣಗಳು ಮಾತ್ರ. ಅವು ಹೇಗೆ ಕಾಣಬೇಕೆಂಬುದನ್ನು ಫಾಂಟ್ ಮತ್ತು ಅಕ್ಷರ ಜೋಡಿಸುವ ತಂತ್ರಾಂಶ ನೋಡಿಕೊಳ್ಳುತ್ತವೆ. ಕೇಶಿರಾಜನ ಪರಂಪರೆಯಲ್ಲಿ ವ್ಯಾಕರಣ ಓದಿದವರಿಗೆ ಈ ವಿಭಜನೆ ಹೊಸದೇನಲ್ಲ. ಕನ್ನಡವು ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಸೇರಿತ್ತು. ಲೀನಸ್ ಟೋರ್ವಾಲ್ಡ್ಸ್ ಲಿನಕ್ಸಿನ ತಿರುಳಾದ ತಮ್ಮ ಕರ್ನೆಲನ್ನು ಲೋಕಕ್ಕೆ ತಿಳಿಸಿದ್ದೂ ಅದೇ ವರ್ಷ. ಆದರೆ ಸಂಕೇತ ಇದ್ದಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಲಿನಕ್ಸ್ ಪರದೆಯಲ್ಲಿ ಒತ್ತಕ್ಷರ ಸರಿಯಾಗಿ ಕೂರಲು ಪ್ಯಾಂಗೋ, ಆಮೇಲೆ ಹಾರ್ಫ್‌ಬಜ್‌ನಂಥ ತಂತ್ರಾಂಶಗಳು ಬಲಿಯಬೇಕಾಯಿತು. ಅಲ್ಲಿಯವರೆಗೆ ಲಿನಕ್ಸ್ ಬಳಸುವ ಕನ್ನಡಿಗರಿಗೆ ನುಡಿ ಇರಲಿಲ್ಲ, ಬರಹ ಇರಲಿಲ್ಲ. ಯೂನಿಕೋಡ್ ಬಿಟ್ಟರೆ ಬೇರೆ ಗತಿಯೇ ಇರಲಿಲ್ಲ. ಪಕ್ಕದ ಮನೆಯವರು ಆಸ್ಕಿ ಫಾಂಟಿನಲ್ಲಿ ಸಲೀಸಾಗಿ ಪುಸ್ತಕ ಮಾಡಿಸುತ್ತಿದ್ದಾಗ ಇವರು ಅರ್ಕಾವತ್ತು ಎಲ್ಲಿ ಬಂತು ಎಂದು ನೋಡುತ್ತ ಕೂತಿದ್ದರು. ಆ ದಿನಗಳ ಅವರ ಕಡತಗಳನ್ನು ಇವತ್ತು ಯಾವ ಯಂತ್ರದಲ್ಲಾದರೂ, ಫೋನಿನಲ್ಲೂ, ತೆರೆದು ಓದಬಹುದು. ಪಕ್ಕದ ಮನೆಯ ಕಡತಗಳನ್ನು ಪರಿವರ್ತಕದ ಮೂಲಕ ಹಾಯಿಸಬೇಕು. ನುಡಿ, ಬರಹಗಳಿಗೂ ಮುಂದೆ ಯೂನಿಕೋಡ್ ಬಂತು ನಿಜ. ಆದರೆ ಹಳೆಯ ಆಸ್ಕಿ ಅಭ್ಯಾಸ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಬಿಟ್ಟಿಲ್ಲ. ಲಿಬ್ರೆ ಆಫೀಸಿನ ಒಡಿಟಿ ಕಡತ ಕೊಟ್ಟರೆ ‘ನುಡೀಲಿ ಕೊಡಿ ಸರ್’ ಎನ್ನುವುದು ಈಗಲೂ ಕೇಳಿಬರುವ ಮಾತು.

ಕೀಲಿಮಣೆಯ ಕಥೆ ಇನ್ನೂ ಸ್ವಾರಸ್ಯಕರ, ಮತ್ತು ಕನ್ನಡಿಗರು ಹೆಮ್ಮೆಪಡಬೇಕಾದದ್ದು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ. ಪಿ. ರಾವ್ ಅವರು, ರೂಪಿಸಿದ ವಿನ್ಯಾಸವನ್ನು ಗಣಕ ಪರಿಷತ್ತು ಎತ್ತಿಕೊಂಡಿತು, ಸರ್ಕಾರ ಪ್ರಮಾಣಕವೆಂದು ಒಪ್ಪಿತು. ಅದರಲ್ಲಿ ‘ಕನ್ನಡ’ ಎಂದು ಬರೆಯಲು ಒತ್ತಬೇಕಾದ ಕೀಲಿಗಳು ಕೆ, ಎನ್, ಎಫ್, ಎನ್, ಡಬ್ಲ್ಯೂ. ಎಫ್ ಕೀಲಿ ವಿರಾಮಕ್ಕೆ. ಐದು ಒತ್ತು, ಐದು ಸಂಕೇತ: ಬೆರಳು ಒತ್ತುವ ಕ್ರಮ ಮತ್ತು ಯೂನಿಕೋಡ್ ಕಡತದಲ್ಲಿ ಕೂರುವ ಕ್ರಮ ಒಂದೇ. ಆಸ್ಕಿ ಕಾಲದಲ್ಲಿ ಬಳಕೆಗೆ ಬಂದ ಈ ವಿನ್ಯಾಸ ಆಕಾರದ ತುಣುಕುಗಳನ್ನು ನೆಚ್ಚದೆ ವರ್ಣವನ್ನೇ ನೆಚ್ಚಿತ್ತು. ಆದ್ದರಿಂದಲೇ ಸಂಕೇತ ಬದಲಾದಾಗ ಬೆರಳಿನ ಅಭ್ಯಾಸ ಬದಲಾಗಬೇಕಾಗಲಿಲ್ಲ.

ಇಂದು ಲಿನಕ್ಸಿನ ರೂಪಗಳಾದ ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಯಾವುದನ್ನೇ ಹಾಕಿಕೊಳ್ಳಿ, ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಎದುರು ‘ಕಗಪ’ ಎಂಬ ಹೆಸರು ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು ಅವು. ಅದೇ ಹೆಸರು ಹಿಂದಿ, ಮರಾಠಿ, ತೆಲುಗು, ಸಂಸ್ಕೃತದ ಎದುರಲ್ಲೂ ಇದೆ. ಅಂದರೆ ಪುಣೆಯ ಮರಾಠಿಗರಿಗೂ ಕಾಶಿಯ ಸಂಸ್ಕೃತ ವಿದ್ಯಾರ್ಥಿಗೂ ಲಿನಕ್ಸ್ ಒದಗಿಸುವ ಕೀಲಿಮಣೆಗಳಲ್ಲಿ ಒಂದು ಕನ್ನಡದ ನೆಲದಲ್ಲಿ ಹುಟ್ಟಿದ್ದು. ಕೀಲಿಮಣೆಯ ಚರಿತ್ರೆ ಬರೆಯುವವರು ಈ ಸಂಗತಿಗೆ ಇನ್ನೂ ಹೆಚ್ಚಿನ ಜಾಗ ಕೊಡಬೇಕು. ಸಂಸ್ಕೃತ, ಕನ್ನಡ ಎರಡನ್ನೂ ಒಂದೇ ದಿನ ಟೈಪ್ ಮಾಡಬೇಕಾದವರು ಚಾಮರಾಜಪುರಂ ಸುತ್ತಮುತ್ತ ಇದ್ದಾರೆ. ಎರಡಕ್ಕೂ ಒಂದೇ ಬೆರಳಭ್ಯಾಸ ಸಾಕು ಎಂಬುದು ಅವರಿಗೆ ಸಣ್ಣ ಅನುಕೂಲವಲ್ಲ.

ಇಲ್ಲಿ ಒಂದು ತಾಂತ್ರಿಕ ಸೂಕ್ಷ್ಮವಿದೆ. ಲಿನಕ್ಸ್‌ನ ಮೂಲ ಕೀಲಿಮಣೆ ವ್ಯವಸ್ಥೆಗೆ ಹಿಂದಿನ ಅಕ್ಷರ ಯಾವುದೆಂದು ತಿಳಿಯದು. ಒಂದು ಕೀಲಿಗೆ ಒಂದು ಸಂಕೇತ, ಅಷ್ಟೇ. ಹಾಗಾಗಿ ಸ್ವರಕ್ಕೆ ಒಂದು ಬಗೆ, ಸ್ವರಚಿಹ್ನೆಗೆ ಇನ್ನೊಂದು ಬಗೆ ಒತ್ತಬೇಕಾಗುತ್ತದೆ. ನುಡಿಯಿಂದ ಬಂದವರು ತಡವರಿಸುವುದು ಇಲ್ಲಿಯೇ. ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ ಎಂ17ಎನ್ ಸಂಗ್ರಹದ ವಿನ್ಯಾಸವನ್ನು ಹಾಕಿಕೊಂಡರೆ ಹಿಂದಿನ ಅಕ್ಷರವನ್ನು ನೋಡಿ ಅದೇ ಕೀಲಿ ಕೆಲವೊಮ್ಮೆ ಸ್ವರವನ್ನೂ ಕೆಲವೊಮ್ಮೆ ಚಿಹ್ನೆಯನ್ನೂ ಕೊಡುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ ಎಂದು ಕೈಬಿಟ್ಟವರು ಹಲವರು. ಅವರ ತೊಡಕಿಗೆ ಪರಿಹಾರ ಒಂದು ಆಯ್ಕೆಯನ್ನು ಬದಲಿಸುವುದರಲ್ಲಿತ್ತು.

ಬಳಕೆಯಲ್ಲಿ ಪದೇ ಪದೇ ಎದುರಾಗುವ ಇನ್ನೊಂದು ತೊಡಕು ‘ರ‍್ಯಾಂಕ್’ ಎಂಬ ಪದದ್ದು. ರ, ವಿರಾಮ, ಯ ಎಂದು ಸಾಲಾಗಿ ಒತ್ತಿದರೆ ಸೂರ್ಯ, ಕಾರ್ಯಗಳಲ್ಲಿರುವಂತೆ ಅರ್ಕಾವತ್ತು ಮೂಡುತ್ತದೆ. ರಕಾರವನ್ನು ಮೇಲೆಯೇ ಉಳಿಸಿ ಯಕಾರವನ್ನು ಒತ್ತಾಗಿಸಲು ರಕಾರಕ್ಕೂ ವಿರಾಮಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಸೇರಿಸಬೇಕು. ಇದನ್ನು ಸೇರಿಸಿದ ಪದ, ಸೇರಿಸದ ಪದ ಹುಡುಕಾಟಕ್ಕೆ ಬೇರೆ ಬೇರೆ. ಹಸ್ತಪ್ರತಿಯ ಪಾಠಾಂತರ ಕೂಡಿಸಿ ಬಲ್ಲವರಿಗೆ ಇದರ ಗಂಭೀರತೆ ತಕ್ಷಣ ಹೊಳೆಯುತ್ತದೆ.

ಅಕ್ಷರಗಳ ಕ್ರಮದಲ್ಲೂ ಇಂಥದೊಂದು ತೊಡರಿದೆ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಇಸ್ಕಿ ಚೌಕಟ್ಟನ್ನು ಯೂನಿಕೋಡ್ ಅನುಸರಿಸಿದ್ದರಿಂದ ಳಕಾರ ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲು ಬರುತ್ತದೆ. ನಮ್ಮ ನಿಘಂಟುಗಳಲ್ಲಿ ಅದರ ಸ್ಥಾನ ಹಕಾರದ ನಂತರ. ಸಂಕೇತಗಳ ಕ್ರಮವನ್ನೇ ನಂಬಿ ಪದಪಟ್ಟಿ ಜೋಡಿಸಿದರೆ ‘ಕಳಶ’ ಮುಂದೆ ಬಂದು ‘ಕವನ’, ‘ಕಹಿ’ ಹಿಂದೆ ಬೀಳುತ್ತವೆ. ಹಳಗನ್ನಡ ಸಂಪಾದಿಸುವವರು ಇನ್ನೂ ಒಂದು ವಿಷಯ ತಿಳಿದಿರಬೇಕು. ೞಕಾರಕ್ಕೆ ಯೂನಿಕೋಡ್ ಕೊಟ್ಟ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’. ಅದು ತಪ್ಪೆಂದು ಯೂನಿಕೋಡ್ ಒಪ್ಪಿಕೊಂಡು ಪರ್ಯಾಯ ಹೆಸರು ಸೇರಿಸಿದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಮೂಲ ತಪ್ಪು ಹಾಗೇ ನಿಂತಿದೆ. ಸ್ವರವಿಲ್ಲದ ನಕಾರದ ಹಳೆಯ ರೂಪವಾದ ನಕಾರ ಪೊಲ್ಲು 2021ರಲ್ಲಿ, ಯೂನಿಕೋಡಿನ 14ನೆಯ ಆವೃತ್ತಿಯಲ್ಲಿ ಸೇರಿತು. ಫಾಂಟ್ ಹಳೆಯದಾದರೆ ಅದರ ಜಾಗದಲ್ಲಿ ಬರಿಯ ಚೌಕ ಕಾಣುತ್ತದೆ.

ಇಷ್ಟೆಲ್ಲ ತೊಡಕುಗಳ ನಡುವೆ ಲಿನಕ್ಸಿನಲ್ಲಿ ಕನ್ನಡವನ್ನು ಬಳಕೆಗೆ ತಂದವರು ಯಾರು? ಕಂಪನಿಗಳ ಪಾಲಿದೆ: ಲೋಹಿತ್ ಫಾಂಟನ್ನು ಬೆಳೆಸಿದ್ದು ರೆಡ್ ಹ್ಯಾಟ್, ನೋಟೋ ಫಾಂಟನ್ನು ತಂದದ್ದು ಗೂಗಲ್. ಆದರೆ ನಿತ್ಯದ ಬಳಕೆಗೆ ಬೇಕಾದ ಹೆಚ್ಚಿನದನ್ನು ಮಾಡಿದ್ದು ಸಂಜೆ ಹೊತ್ತು, ಭಾನುವಾರ, ಸ್ವಂತ ಖರ್ಚಿನಲ್ಲಿ ಕೂತ ಜನ. 2005ರಲ್ಲಿ ‘ಸಂಪದ’ ಜಾಲತಾಣವನ್ನು ಆರಂಭಿಸಿದ ಹರಿಪ್ರಸಾದ್ ನಾಡಿಗ್ ಕನ್ನಡ ಲಿನಕ್ಸ್ ಅನುವಾದಕ್ಕೂ ದುಡಿದವರು. ಓಂಶಿವಪ್ರಕಾಶ್ ‘ಲಿನಕ್ಸಾಯಣ’ದ ಬರಹಗಳಲ್ಲಿ ಲಿನಕ್ಸನ್ನು ಕನ್ನಡದಲ್ಲೇ ವಿವರಿಸಿದರು. ಅರವಿಂದ ವಿ. ಕೆ. ರೂಪಿಸಿದ ‘ಗುಬ್ಬಿ’, ‘ನವಿಲು’ ಫಾಂಟುಗಳು ಡೆಬಿಯನ್ ಭಂಡಾರ ಸೇರಿ ಈಗ ಯಾರ ಯಂತ್ರಕ್ಕಾದರೂ ಇಳಿಯುತ್ತವೆ. ಆಸ್ಕಿ ಕಡತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳೂ ಇಂಥ ಸಮುದಾಯದ ಕೊಡುಗೆಯೇ.

ಯೂನಿಕೋಡಿಗೆ ತಿರುಗಿಸುವ ಈ ಕೆಲಸದ ಬೆಲೆ ತಿಳಿಯಬೇಕಾದರೆ ಮೈಸೂರಿನದೇ ಉದಾಹರಣೆ ಇದೆ. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶ ತಲೆಮಾರುಗಳ ವಿದ್ವಾಂಸರ ದುಡಿಮೆ. ಅದನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡುವ ಕೆಲಸ 2014ರಲ್ಲಿ ನಡೆಯಿತು. ಲೇಖನಗಳು ವಿಕಿಸೋರ್ಸ್ ಸೇರತೊಡಗಿದವು. ಅಂಥ ಗ್ರಂಥ ಎಲ್ಲರ ಕೈಗೆಟುಕಬೇಕಾದರೆ ಅನುಮತಿಪತ್ರ ಒಂದೇ ಸಾಲದು, ಪಠ್ಯ ಯೂನಿಕೋಡಿನಲ್ಲಿರಬೇಕು. ಆಸ್ಕಿಯಲ್ಲಿ ಕೂತ ವಿಶ್ವಕೋಶ ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕದಂತೆ.

ಇಷ್ಟಾದರೂ ಲಿನಕ್ಸ್ ಬಳಕೆಯಲ್ಲಿ ಪ್ರಿಂಟರಿನ ಚಾಲಕ ತಂತ್ರಾಂಶ, ಡಿಜಿಟಲ್ ಸಹಿಯ ಟೋಕನ್ ಮುಂತಾದ ಕಿರಿಕಿರಿಗಳು ಇದ್ದೇ ಇವೆ. ಅವು ಕನ್ನಡಕ್ಕೆ ವಿಶಿಷ್ಟವಲ್ಲವಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತ ಮೇಲೆ, 11ನೆಯ ಆವೃತ್ತಿಯನ್ನು ತಾಳಲಾರದ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿಕೊಳ್ಳುವುದು ಸಹಜ ದಾರಿಯಾಗಿದೆ ಎಂಬುದನ್ನು ಮಾತ್ರ ಗಮನಿಸಬೇಕು. ಹಾಗೆ ಹೊಸದಾಗಿ ಬಂದವರು ಕನ್ನಡವನ್ನು ಆರಿಸಿಕೊಂಡರೆ ಮೆನುಗಳು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆಗಿ ಕಾಣಬಹುದು. ಕಾರಣ ಸರಳ. ಮೂಲ ಇಂಗ್ಲಿಷ್ ಸಾಲಿನಲ್ಲಿ ಒಂದು ಪದ ತಿದ್ದಿದರೂ ಅದರ ಹಳೆಯ ಅನುವಾದಕ್ಕೆ ‘ಅಸ್ಪಷ್ಟ’ ಎಂಬ ಗುರುತು ಬೀಳುತ್ತದೆ. ಯಾರಾದರೂ ಮತ್ತೆ ನೋಡಿ ಒಪ್ಪುವವರೆಗೆ ಪರದೆಯಲ್ಲಿ ಇಂಗ್ಲಿಷೇ ಬರುತ್ತದೆ. ಅನುವಾದ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ, ಪ್ರತಿ ಆವೃತ್ತಿಗೂ ಕಾಯುವ ಕೆಲಸ. ಕಾಯುವವರು ಕೈಬೆರಳೆಣಿಕೆಯಷ್ಟಾದಾಗ ಸಾಲುಗಳು ಒಂದೊಂದಾಗಿ ಇಂಗ್ಲಿಷಿಗೆ ಮರಳುತ್ತವೆ.

ಇನ್ನೂ ದೊಡ್ಡ ಕೆಲಸ ಉಳಿದಿರುವುದು ಕಾಗುಣಿತ ಪರೀಕ್ಷೆಯಲ್ಲಿ. ಇಂಗ್ಲಿಷಿಗೆ ಪದಪಟ್ಟಿಯೊಂದಿದ್ದರೆ ಬಹುಪಾಲು ಸಾಕು. ಕನ್ನಡದಲ್ಲಿ ‘ಮನೆ’ ಎಂಬ ಒಂದು ಪದ ಮನೆಯಲ್ಲಿ, ಮನೆಯಲ್ಲಿದ್ದ, ಮನೆಯಲ್ಲಿದ್ದವರಿಗೂ, ಮನೆಗಳಿಂದಲೇ ಎಂದು ಬೆಳೆಯುತ್ತಲೇ ಹೋಗುತ್ತದೆ. ಎಲ್ಲ ರೂಪಗಳನ್ನೂ ಪಟ್ಟಿ ಮಾಡುವುದು ಅಸಾಧ್ಯ. ಲಿಬ್ರೆ ಆಫೀಸ್ ಬಳಸುವ ಹನ್‌ಸ್ಪೆಲ್ ತಂತ್ರಾಂಶ ಪ್ರತ್ಯಯಗಳ ನಿಯಮಗಳನ್ನು ಪ್ರತ್ಯೇಕ ಕಡತದಲ್ಲಿ ಬರೆದುಕೊಡಲು ಅವಕಾಶ ಕೊಟ್ಟಿದೆ. ಎಕಾರಾಂತ ನಾಮಪದಕ್ಕೆ ಯಕಾರಾಗಮ, ಉಕಾರಾಂತಕ್ಕೆ ವಕಾರಾಗಮ ಅಥವಾ ಉಕಾರಲೋಪ ಎಂದು ಒಂದೊಂದು ನಿಯಮವನ್ನೂ ಒಂದೊಂದು ಸಾಲಾಗಿ ಬರೆಯಬಹುದು. ಆ ಕಡತವನ್ನು ಬರೆಯಲು ಪ್ರೋಗ್ರಾಮಿಂಗ್ ಬರಬೇಕಿಲ್ಲ. ಸಂಧಿ ಪ್ರಕರಣ ಮತ್ತು ನಾಮಪ್ರಕರಣ ಬರಬೇಕು. ಅವು ಬಲ್ಲವರು ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಯಲ್ಲೂ, 1969ರಿಂದ ಮೈಸೂರಿನಲ್ಲೇ ಇರುವ ಭಾರತೀಯ ಭಾಷಾ ಸಂಸ್ಥಾನದಲ್ಲೂ, ಚಾಮರಾಜಪುರಂನ ಮನೆಗಳಲ್ಲೂ ಇದ್ದಾರೆ. ತಂತ್ರಾಂಶದವರಿಗೂ ಅವರಿಗೂ ನಡುವೆ ಇರುವ ದೂರ ಒಂದು ಪಠ್ಯ ಕಡತದಷ್ಟು. ಅದನ್ನು ಯಾವ ಸಾಮಾನ್ಯ ಎಡಿಟರಿನಲ್ಲಾದರೂ ತೆರೆಯಬಹುದು, ತಿದ್ದಿ ಕಳಿಸಿದ ನಿಯಮ ಒಪ್ಪಿಗೆಯಾದರೆ ಮುಂದಿನ ಆವೃತ್ತಿಯಲ್ಲಿ ಕನ್ನಡ ಬರೆಯುವ ಎಲ್ಲರ ಯಂತ್ರಕ್ಕೂ ತಲುಪುತ್ತದೆ.