ಅಂಕಿಗಳನ್ನು ಕಣ್ಣಿಗೆ ತೋರುವ ಯಂತ್ರಗಳು

ಸರಕಾರದ ಆಯವ್ಯಯವಾಗಲಿ, ಜನಗಣತಿಯ ವರದಿಯಾಗಲಿ, ಅಂಕಿಗಳು ಪುಟದ ತುಂಬ ಸಾಲುಗಟ್ಟಿ ನಿಂತಿರುವುದನ್ನು ಕಂಡರೆ ಓದುವವನಿಗೆ ಆಕಳಿಕೆ ಬರುವುದು ಸಹಜ. ಅವೇ ಅಂಕಿಗಳನ್ನು ಗೆರೆಯಾಗಿ ಎಳೆದು ತೋರಿಸಿದರೆ ಏರಿಳಿತವು ಮಕ್ಕಳಿಗೂ ತಿಳಿಯುತ್ತದೆ. ಈ ಉಪಾಯವನ್ನು ವ್ಯವಸ್ಥಿತವಾಗಿ ಬಳಕೆಗೆ ತಂದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ೧೭೮೬ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಇಂಗ್ಲೆಂಡಿನ ಆಮದು ರಫ್ತುಗಳನ್ನು ಗೆರೆಗಳಲ್ಲಿ ಚಿತ್ರಿಸಿದ. ೧೮೦೧ರಲ್ಲಿ ಇನ್ನೊಂದು ಪುಸ್ತಕ ಬರೆದು, ವೃತ್ತವನ್ನು ಒಬ್ಬಟ್ಟಿನ ಹಾಗೆ ಹೋಳು ಮಾಡಿ, ತುರ್ಕಿ ಸಾಮ್ರಾಜ್ಯದ ನೆಲ ಮೂರು ಖಂಡಗಳಲ್ಲಿ ಹೇಗೆ ಹಂಚಿಹೋಗಿದೆ ಎಂಬುದನ್ನು ತೋರಿಸಿದ.

ಚಿತ್ರವೇನೋ ಚೆನ್ನಾಯಿತು. ಆದರೆ ನೋಡಿದವನು ಅದರಿಂದ ತಿಳಿದುಕೊಂಡದ್ದು ನಿಜವೇ? ಈ ಪ್ರಶ್ನೆಯನ್ನು ಪ್ಲೇಫೇರನು ಪರೀಕ್ಷೆಗೆ ಒಡ್ಡಲಿಲ್ಲ. ಅದು ಬಹುಕಾಲ ಯಾರ ತಲೆಯನ್ನೂ ಹೆಚ್ಚಾಗಿ ಕಾಡಿದಂತೆ ತೋರುವುದಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಇದಕ್ಕೆ ಒಂದು ಅಪವಾದ. ಕ್ರೈಮಿಯಾ ಯುದ್ಧದಲ್ಲಿ ಗಾಯಕ್ಕಿಂತ ರೋಗದಿಂದಲೇ ಹೆಚ್ಚು ಸಿಪಾಯಿಗಳು ಸತ್ತರೆಂದು ತೋರಿಸಲು ಆಕೆ ೧೮೫೮ರಲ್ಲಿ ವೃತ್ತಾಕಾರದ ಚಿತ್ರಗಳನ್ನು ಮಾಡಿಸಿದರು. ಮೊದಲ ರೀತಿಯಲ್ಲಿ ಸಾವಿನ ಪ್ರಮಾಣವನ್ನು ನಡುವಿನಿಂದ ಹೊರಟ ಗೆರೆಯ ಉದ್ದಕ್ಕೆ ಸರಿಹೊಂದಿಸಿತ್ತು. ಕಣ್ಣಾದರೋ ಉದ್ದವನ್ನು ಬಿಟ್ಟು ಬಣ್ಣ ಹಚ್ಚಿದ ವಿಸ್ತೀರ್ಣವನ್ನು ನೋಡುತ್ತದೆ. ಉದ್ದ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿಯಾಗುತ್ತದೆ! ಮುಂದಿನ ಚಿತ್ರಗಳಲ್ಲಿ ವಿಸ್ತೀರ್ಣವನ್ನೇ ಪ್ರಮಾಣಕ್ಕೆ ಸರಿಯಾಗಿ ಇಟ್ಟರು.

ಇಪ್ಪತ್ತನೆಯ ಶತಮಾನದಲ್ಲಿ ವಾದ ಶುರುವಾಯಿತು. ಭಾಗಗಳನ್ನು ತೋರಿಸಲು ವೃತ್ತವೊಳ್ಳೆಯದೋ, ಪಟ್ಟಿಯೊಳ್ಳೆಯದೋ? ವೃತ್ತವನ್ನು ಹಳಿಯುವುದು ಆಗ ಪಂಡಿತರ ವಾಡಿಕೆಯಾಗಿತ್ತು. ಅಮೆರಿಕದ ಅಧ್ಯಾಪಕ ವಾಲ್ಟರ್ ಈಲ್ಸ್, ವಾದವನ್ನು ಬದಿಗಿಟ್ಟು, ವಿದ್ಯಾರ್ಥಿಗಳ ಮುಂದೆ ಎರಡು ಬಗೆಯ ಚಿತ್ರಗಳನ್ನೂ ಇಟ್ಟು ಅಂದಾಜು ಹೇಳಿಸಿದರು. ೧೯೨೬ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವೃತ್ತವೇ ಗೆದ್ದಿತು. ಮರು ವರ್ಷ ಕ್ರಾಕ್ಸ್‌ಟನ್ ಮತ್ತು ಸ್ಟ್ರೈಕರ್ ಪುನಃ ಪರೀಕ್ಷಿಸಿ, ಕೆಲವು ಪ್ರಮಾಣಗಳಿಗೆ ವೃತ್ತ, ಕೆಲವಕ್ಕೆ ಪಟ್ಟಿ ಮೇಲು ಎಂದರು. ವಾದವೇನೂ ತೀರಲಿಲ್ಲ. ಆದರೂ ಒಂದು ಒಳ್ಳೆಯ ಪದ್ಧತಿ ಹುಟ್ಟಿತು: ಚಿತ್ರದ ಗುಣವನ್ನು ಬರೆದವನು ಹೇಳಬಾರದು, ನೋಡಿದವನಿಂದ ಹೊರಡಿಸಬೇಕು. ೧೯೮೪ರಲ್ಲಿ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಇದೇ ಹಾದಿಯಲ್ಲಿ ನಡೆದು, ಒಂದೇ ಅಳತೆಗೋಲಿನ ಮೇಲಿನ ಸ್ಥಾನಗಳನ್ನು ಹೋಲಿಸುವಾಗ ಕಣ್ಣು ಅತ್ಯಂತ ಕಡಮೆ ತಪ್ಪುತ್ತದೆ, ಕೋನ ಮತ್ತು ವಿಸ್ತೀರ್ಣಗಳಲ್ಲಿ ಹೆಚ್ಚು ತಪ್ಪುತ್ತದೆ ಎಂದು ಕ್ರಮವನ್ನು ಹಾಕಿಕೊಟ್ಟರು.

ಇವೆಲ್ಲ ಕಾಗದದ ಮೇಲೆ ನಿಂತ ಚಿತ್ರಗಳು. ನೋಡುವವನೇ ಕೈಹಾಕಿ ಬದಲಾಯಿಸಬಲ್ಲ ಚಿತ್ರವೆಂದರೆ ಬೇರೆಯೇ ಮಾತು. ಪ್ಯಾರಿಸ್ಸಿನಲ್ಲಿ ಭೂಪಟ ತಜ್ಞ ಜಾಕ್ ಬರ್ತೇನ್ ಗಣಕಯಂತ್ರದ ನೆರವಿಲ್ಲದೆಯೇ ಇದನ್ನು ಸಾಧಿಸಿದರು. ಕಪ್ಪು ಬಿಳುಪಿನ ಸಣ್ಣ ಬಿಲ್ಲೆಗಳನ್ನು ಚೌಕಟ್ಟಿನಲ್ಲಿ ಜೋಡಿಸಿ, ಸಾಲುಗಳನ್ನು ಅತ್ತಿತ್ತ ಸರಿಸುತ್ತ, ಒಂದನ್ನೊಂದು ಹೋಲುವ ಸಾಲುಗಳು ಪಕ್ಕಪಕ್ಕಕ್ಕೆ ಬರುವ ತನಕ ಆಡಿಸುವುದು ಅವರ ಕ್ರಮ. ನಮ್ಮ ಚೌಕಾಬಾರದ ಮಣೆಯ ಮುಂದೆ ಕುಳಿತಂತೆಯೇ ಸರಿ.

ಯಂತ್ರದ ಸರದಿ ೧೯೭೦ರ ದಶಕದ ಆದಿಯಲ್ಲಿ ಬಂತು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಕಣವಿಜ್ಞಾನ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಅವರು ಫ್ರೀಡ್‌ಮನ್, ಫಿಶರ್‌ಕೆಲ್ಲರ್ ಎಂಬುವರೊಡನೆ ಪ್ರಿಮ್-೯ ಎಂಬ ಸಾಧನವನ್ನು ಕಟ್ಟಿದರು. ಒಂದೊಂದು ಘಟನೆಗೂ ಒಂಬತ್ತರವರೆಗೆ ಅಳತೆಗಳಿದ್ದರೂ ಅದನ್ನು ಒಂದು ಚುಕ್ಕೆಯನ್ನಾಗಿ ಪರದೆಯ ಮೇಲೆ ತೋರಿಸಿ, ಗುಂಡಿಯೊತ್ತಿದರೆ ಚುಕ್ಕೆಗಳ ಮೋಡವನ್ನೆಲ್ಲ ತಿರುಗಿಸುತ್ತಿತ್ತು. ನಿಂತಾಗ ಚಪ್ಪಟೆಯಾಗಿ ಕಾಣುವ ಮೋಡ ತಿರುಗುವಾಗ ಆಳವುಳ್ಳದ್ದಾಗಿ ಕಾಣುವುದೊಂದು ಸೋಜಿಗ. ಬೇಡದ ಚುಕ್ಕೆಗಳನ್ನು ಮರೆಮಾಡಿ ಬೇಕಾದವನ್ನು ಬೇರ್ಪಡಿಸಲೂ ಬರುತ್ತಿತ್ತು. ಅಂಥ ಸಲಕರಣೆ ಆಗ ಸಾಮಾನ್ಯ ವಿದ್ಯಾಲಯಗಳ ಕೈಗೆಟುಕುವಂತಿರಲಿಲ್ಲ. ಅದರ ಚಲನಚಿತ್ರವೊಂದನ್ನು ತೆಗೆದರು. ಅದರಲ್ಲಿ ಟ್ಯೂಕಿಯವರೇ ನಿಂತು ವಿವರಿಸುತ್ತಾರೆ.

ಮನೆಯಲ್ಲಿ ರೇಡಿಯೋ ಇದ್ದವರಿಗೆ ಮುಂದಿನ ಹೆಜ್ಜೆಯನ್ನು ವಿವರಿಸುವುದು ಸುಲಭ. ಬೇಕಾದ ಕೇಂದ್ರ ಸಿಗಬೇಕಾದರೆ ನಾವು ಅದಕ್ಕೆ ಅರ್ಜಿ ಬರೆದು ಉತ್ತರಕ್ಕೆ ಕಾಯುವುದಿಲ್ಲ. ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತೇವೆ. ಗೊರಗೊರ ಸದ್ದು ತಿಳಿಯಾಗುತ್ತ ಬಂದರೆ ಹತ್ತಿರ ಬಂದೆವೆಂದು ಕಿವಿಯೇ ಹೇಳುತ್ತದೆ, ದಾಟಿದರೆ ಹಿಂದಕ್ಕೆ ಬರುತ್ತೇವೆ. ಅಮೆರಿಕದ ಮೇರಿಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಬೆನ್ ಶ್ನೈಡರ್‌ಮನ್ ಮತ್ತು ಕ್ರಿಸ್ಟೋಫರ್ ವಿಲಿಯಂಸನ್ ೧೯೯೨ರಲ್ಲಿ ಪ್ರಕಟಿಸಿದ ಮನೆ ಹುಡುಕುವ ಸಾಧನವೂ ಇಂಥದೇ. ಪರದೆಯ ಮೇಲೆ ವಾಷಿಂಗ್ಟನ್ ನಗರದ ನಕ್ಷೆ, ಮಾರಾಟಕ್ಕಿರುವ ಒಂದೊಂದು ಮನೆಗೂ ಒಂದು ಚುಕ್ಕೆ. ಪಕ್ಕದಲ್ಲಿ ಬೆಲೆಗೊಂದು, ಕೊಠಡಿಗಳ ಸಂಖ್ಯೆಗೊಂದು, ದೂರಕ್ಕೊಂದು ಎಂದು ಜಾರುಪಟ್ಟಿಗಳು. ಬೆಲೆಯ ಪಟ್ಟಿಯನ್ನು ಕೆಳಗೆ ಜಾರಿಸಿದಂತೆ ದುಬಾರಿ ಮನೆಗಳು ಒಂದೊಂದಾಗಿ ಮಾಯ!

ಇವರು ಸಾಧನ ಮಾಡಿ ಸುಮ್ಮನಾಗಲಿಲ್ಲ. ಅವೇ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಕೇಳುವ ಏರ್ಪಾಡೊಂದು, ಕಾಗದದ ಪಟ್ಟಿಯೊಂದು, ಜಾರುಪಟ್ಟಿಯ ಸಾಧನವೊಂದು, ಹೀಗೆ ಮೂರನ್ನೂ ವಿದ್ಯಾರ್ಥಿಗಳ ಕೈಗೆ ಕೊಟ್ಟು ಗಡಿಯಾರ ಹಿಡಿದರು. ಒಟ್ಟಿನ ಮೇಲೆ ಜಾರುಪಟ್ಟಿಯೇ ಮುಂದಾಯಿತು. ಮೊದಲು ಒಟ್ಟು ನೋಟ, ಆಮೇಲೆ ಬೇಕಾದ ಭಾಗ, ಕೇಳಿದಾಗ ಮಾತ್ರ ವಿವರ ಎಂಬ ಶ್ನೈಡರ್‌ಮನ್ನರ ಸೂತ್ರ ೧೯೯೬ರಲ್ಲಿ ಹೊರಬಂದು ಹೆಸರಾಯಿತು.

ಗಡಿಯಾರದ ಪರೀಕ್ಷೆಯಲ್ಲಿಯೂ ಒಂದು ಕೊರತೆಯುಂಟು. ಅಂಥ ಸಾಧನದ ಮುಂದೆ ಕೂರುವ ವಿಜ್ಞಾನಿಗೆ ಏನು ಕೇಳಬೇಕೆಂಬುದೇ ಮೊದಲು ಗೊತ್ತಿರುವುದಿಲ್ಲ. ೨೦೦೫ರಲ್ಲಿ ವರ್ಜೀನಿಯಾದಲ್ಲಿ ಪುರ್ವಿ ಸರೈಯ, ಕ್ರಿಸ್ ನಾರ್ತ್ ಮತ್ತು ಕ್ಯಾರನ್ ಡೂಕ ಜೀವವಿಜ್ಞಾನದ ಐದು ಸಾಧನಗಳನ್ನು ಪರೀಕ್ಷಿಸುವಾಗ ಪ್ರಶ್ನೆಪತ್ರಿಕೆಯನ್ನೇ ಕೈಬಿಟ್ಟರು. ನೋಡಿ, ಹೊಳೆದುದನ್ನು ಬಾಯಿಬಿಟ್ಟು ಹೇಳಿ, ಎಂದರು. ಹೊಳೆದುವುಗಳನ್ನು ಎಣಿಸಿ ತೂಗಿದರು. ನನ್ನ ಮಟ್ಟಿಗೆ ಇದು ಹೆಚ್ಚು ಪ್ರಾಮಾಣಿಕವಾದ ಪರೀಕ್ಷೆ.

ಮರು ವರ್ಷ ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್ ಕ್ಯಾಲಿಫೋರ್ನಿಯದ ವೇದಿಕೆಯೊಂದರಲ್ಲಿ ಮಾಡಿದ ಭಾಷಣ ಲೋಕಪ್ರಸಿದ್ಧವಾಯಿತು. ಒಂದೊಂದು ದೇಶಕ್ಕೂ ಒಂದು ಗುಳ್ಳೆ. ವರ್ಷಗಳು ಉರುಳಿದಂತೆ ಗುಳ್ಳೆಗಳು ಬಡತನದಿಂದ ಸಿರಿಯ ಕಡೆಗೆ, ಅಲ್ಪಾಯುಸ್ಸಿನಿಂದ ದೀರ್ಘಾಯುಸ್ಸಿನ ಕಡೆಗೆ ತೇಲಿ ಹೋಗುತ್ತಿದ್ದುವು. ಕುದುರೆ ಜೂಜಿನ ವೀಕ್ಷಕ ವಿವರಣೆಯಂತೆ ಅವರ ಮಾತು. ಈ ರೋಸ್ಲಿಂಗರಿಗೆ ನಮ್ಮ ನಾಡಿನ ಋಣವುಂಟು. ೧೯೭೨ರಲ್ಲಿ ವಿದ್ಯಾರ್ಥಿಯಾಗಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿಗೆ ಬಂದಾಗ, ಇಲ್ಲಿನ ಸಹಪಾಠಿಗಳು ತಮಗಿಂತ ಹೆಚ್ಚು ತಿಳಿದವರೆಂದು ಕಂಡು ಪಾಶ್ಚಾತ್ಯರೇ ಮೇಲೆಂಬ ತಮ್ಮ ಭಾವನೆ ಕುಸಿಯಿತೆಂದು ಅವರೇ ಹೇಳಿಕೊಂಡಿದ್ದಾರೆ.

ಮಗ ಓಲ ಮತ್ತು ಸೊಸೆ ಅನ್ನ ಅವರ ಕೈವಾಡದಿಂದಾದ ಈ ಸಾಧನವನ್ನು ೨೦೦೭ರಲ್ಲಿ ಗೂಗಲ್ ಸಂಸ್ಥೆ ಕೊಂಡಿತು. ೨೦೦೮ರಲ್ಲಿ ಮೈಕ್ರೋಸಾಫ್ಟ್ ಸಂಶೋಧನಾಲಯದ ಜಾರ್ಜ್ ರಾಬರ್ಟ್‌ಸನ್ ಮತ್ತು ಸಂಗಡಿಗರು ಚಲಿಸುವ ಗುಳ್ಳೆಗಳನ್ನು, ಅವೇ ಅಂಕಿಗಳ ನಿಶ್ಚಲ ಚಿತ್ರಗಳೊಡನೆ ಪರೀಕ್ಷೆಗಿಟ್ಟರು. ಚಲಿಸುವ ಚಿತ್ರವನ್ನು ಜನ ಮೆಚ್ಚಿದರು, ಹುರುಪಿನಿಂದ ನೋಡಿದರು. ಆದರೆ ತಾವಾಗಿಯೇ ಕುಳಿತು ಅಂಕಿಗಳನ್ನು ಪರಿಶೀಲಿಸುವ ಕೆಲಸದಲ್ಲಿ ನಿಶ್ಚಲ ಚಿತ್ರಗಳೇ ಬೇಗ ಉತ್ತರ ಕೊಟ್ಟುವು. ದೇಶಕ್ಕೊಂದರಂತೆ ಸಾಲಾಗಿ ಜೋಡಿಸಿದ ಪುಟ್ಟ ಪುಟ್ಟ ಚಿತ್ರಗಳಲ್ಲಿ ತಪ್ಪು ಕಡಮೆಯಾಯಿತು. ಬೇರೊಬ್ಬರು ನಿಂತು ವಿವರಿಸುವಾಗಲೋ, ಗುಳ್ಳೆಗಳನ್ನು ನೋಡಿದವರು ಇತರರಿಗಿಂತ ಬೇಗ ಉತ್ತರ ಹೇಳಿದರು, ತಪ್ಪುಗಳನ್ನೂ ಹೇರಳವಾಗಿಯೇ ಮಾಡಿದರು.