ದುಬಾರಿ ರೇನ್ ಜಾಕೆಟ್ ಹಾಕಿದರೂ ಒಳಗೆ ಒದ್ದೆಯಾಗುವುದೇಕೆ? ಮಲೆನಾಡಿನ ಮಳೆಗೆ ಕಡಿಮೆ ಖರ್ಚಿನ ಜಾಕೆಟ್ ಆರಿಸುವುದು ಹೇಗೆ?

ಮಳೆಗಾಲದ ಒಂದು ಸಂಜೆ ಸಂಸೆಯ ಹೋಟೆಲೊಂದರ ಜಗಲಿಯಲ್ಲಿ ನಾವು ಟೀ ಕುಡಿಯುತ್ತಿದ್ದೆವು. ಕುದುರೆಮುಖ ಏರಿ ಇಳಿದು ಬಂದ ಹುಡುಗನೊಬ್ಬ ಜಾಕೆಟ್ ಬಿಚ್ಚಿ, ಒಳಗಿನ ಟೀ-ಶರ್ಟ್ ಹಿಂಡುತ್ತಾ, “ಇಷ್ಟು ದುಡ್ಡು ಕೊಟ್ಟು ತಗೊಂಡೆ, ನೋಡಿ ಹೇಗೆ ಸೋರಿದೆ” ಅಂದ. ಪಕ್ಕದಲ್ಲಿದ್ದ ತೋಟದ ಕೆಲಸದವರೊಬ್ಬರು ತಮ್ಮ ಪ್ಲಾಸ್ಟಿಕ್ ರೇನ್‌ಕೋಟನ್ನು ಮೊಳೆಗೆ ನೇತುಹಾಕುತ್ತಾ, “ನಮ್ದೂ ಹಂಗೇ ಕಣಪ್ಪ, ಸಂಜೆ ಹೊತ್ತಿಗೆ ಬನೀನು ಪೂರ್ತಿ ಒದ್ದೆ” ಅಂದರು.

ಒಂದು ಹಲವು ಸಾವಿರದ್ದು, ಇನ್ನೊಂದು ಕೆಲವು ನೂರರದ್ದು. ಎರಡರ ಮೇಲೂ ದೂರು ಒಂದೇ. ಹಾಗಾದರೆ ಎರಡೂ ಸೋರುತ್ತಿವೆಯೇ? ಬಹುತೇಕ ಸಂದರ್ಭಗಳಲ್ಲಿ ಎರಡೂ ಸೋರುತ್ತಿರುವುದಿಲ್ಲ. ಒಳಗಿನ ನೀರಿನ ಹೆಚ್ಚಿನ ಪಾಲು ಮಳೆಯದಲ್ಲ, ನಮ್ಮದೇ ಬೆವರು. ಇದು ಗೊತ್ತಿಲ್ಲದಿದ್ದರೆ, ‘ಇನ್ನೂ ದುಬಾರಿಯದು ತಂದರೆ ಸರಿಹೋಗುತ್ತದೆ’ ಎಂದು ಮತ್ತೆ ಮತ್ತೆ ದುಡ್ಡು ಸುರಿಯುತ್ತೇವೆ. ಅಷ್ಟೇ ಅಲ್ಲ, ಬೆಟ್ಟದ ಮೇಲೆ ಗಾಳಿ ಮಳೆಯ ನಡುವೆ ಆ ಒದ್ದೆ ಜೀವಕ್ಕೂ ಅಪಾಯ ತರಬಹುದು. ಆದ್ದರಿಂದ ಈ ಲೇಖನದಲ್ಲಿ ರೇನ್ ಜಾಕೆಟ್ ಹೇಗೆ ಕೆಲಸ ಮಾಡುತ್ತದೆ, ಯಾರಿಗೆ ಯಾವುದು ಸಾಕು ಎಂಬುದನ್ನು ನೋಡೋಣ.

ಮಳೆ ನೀರೋ, ಬೆವರೋ? ಪರೀಕ್ಷಿಸುವುದು ಹೇಗೆ?

ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಜಾಕೆಟ್ಟಿನ ಒಳಗೆ, ತೋಳುಗಳಿಗೂ ಸೇರಿಸಿ, ಹಳೆಯ ನ್ಯೂಸ್‌ಪೇಪರ್ ತುಂಬಿ. ಝಿಪ್ ಹಾಕಿ, ಕೊರಳಿನ ಭಾಗ ಮುಚ್ಚಿ, ಹ್ಯಾಂಗರ್‌ಗೆ ನೇತುಹಾಕಿ. ಹದಿನೈದು ನಿಮಿಷ ಅಂಗಳದ ಮಳೆಯಲ್ಲೋ ಬಚ್ಚಲಿನ ಶವರ್ ಕೆಳಗೋ ಬಿಡಿ. ಆಮೇಲೆ ತೆಗೆದು ನೋಡಿ.

ಪೇಪರ್ ಒಣಗಿಯೇ ಇದ್ದರೆ ಜಾಕೆಟ್ ಸೋರುತ್ತಿಲ್ಲ. ಪೇಪರ್ ಬೆವರುವುದಿಲ್ಲ, ನೀವು ಬೆವರುತ್ತೀರಿ, ವ್ಯತ್ಯಾಸ ಅಷ್ಟೇ. ಹೆಗಲು, ಕಂಕುಳು, ಝಿಪ್ ಪಕ್ಕ ಗೆರೆಯಂತೆ ಒದ್ದೆಯಾಗಿದ್ದರೆ ಸೋರುತ್ತಿರುವುದು ಹೊಲಿಗೆ. ಬೆನ್ನು, ತೋಳು ಅಗಲವಾಗಿ ಒದ್ದೆಯಾಗಿದ್ದರೆ ಬಟ್ಟೆಯ ಲೇಪನವೇ ಸವೆದಿದೆ. ಹೊಸ ಜಾಕೆಟ್ ಕೊಳ್ಳುವ ಮೊದಲು ಹಳೆಯದರ ಮೇಲೆ ಈ ಪರೀಕ್ಷೆ ಮಾಡಿ. ಖರ್ಚೇ ಉಳಿಯಬಹುದು.

ಲೇಬಲ್ ಮೇಲಿನ 5,000, 10,000 ಎಂದರೇನು?

ಅದು ಮಿಲಿಮೀಟರ್ ಲೆಕ್ಕ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ ಎತ್ತರ ಹೆಚ್ಚಿಸುತ್ತಾ ಹೋದರೆ ಎಷ್ಟು ಎತ್ತರಕ್ಕೆ ನೀರು ಜಿನುಗಲು ಶುರುವಾಗುತ್ತದೆ ಎಂಬ ಅಳತೆ. 10,000 ಎಂದರೆ 10 ಮೀಟರ್ ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎಂದರ್ಥ.

ಬೀಳುವ ಮಳೆಹನಿಯ ಒತ್ತಡ ಇದಕ್ಕಿಂತ ಬಹಳ ಕಡಿಮೆ. ಹಾಗಿದ್ದರೆ ಇಷ್ಟು ದೊಡ್ಡ ಸಂಖ್ಯೆ ಯಾಕೆ ಬೇಕು? ಒದ್ದೆ ಬಟ್ಟೆಯ ಮೇಲೆ ಚೀಲದ ಪಟ್ಟಿ ಒತ್ತಿದಾಗ, ಒದ್ದೆ ಬಂಡೆಯ ಮೇಲೆ ಕೂತಾಗ, ಮಂಡಿಯೂರಿದಾಗ ಒತ್ತಡ ಹಲವು ಪಟ್ಟು ಏರುತ್ತದೆ. ಚೀಲವಿಲ್ಲದೆ ಓಡಾಡುವವರಿಗೆ 5,000 ಸಾಕು. ಭಾರದ ಚೀಲ ಹೊತ್ತು ದಿನವಿಡೀ ನಡೆಯುವವರಿಗೆ 10,000 ಒಳ್ಳೆಯದು. 20,000 ಎಂದು ಬರೆದದ್ದಕ್ಕೆ ಹೆಚ್ಚು ಹಣ ಕೊಡುವ ಅಗತ್ಯ ನಮ್ಮ ಮಳೆಯಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ.

ಈ ಸಂಖ್ಯೆಗಿಂತ ಮುಖ್ಯವಾದದ್ದು ಹೊಲಿಗೆ. ಸೂಜಿ ಚುಚ್ಚಿದ ಕಡೆಯೆಲ್ಲ ರಂಧ್ರ ಇರುತ್ತದೆ. ಅದರ ಮೇಲೆ ಒಳಗಿನಿಂದ ಟೇಪ್ ಅಂಟಿಸಿರದಿದ್ದರೆ ಎಷ್ಟು ಒಳ್ಳೆಯ ಬಟ್ಟೆಯೂ ವ್ಯರ್ಥ.

‘ಉಸಿರಾಡುವ’ ಬಟ್ಟೆ ನಿಜವಾಗಿ ಉಸಿರಾಡುತ್ತದೆಯೇ?

ಮಳೆ ತಡೆಯುವ ಬಟ್ಟೆ ಹೊಸದೇನಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲೇ ಎರಡು ಬಟ್ಟೆಗಳ ನಡುವೆ ರಬ್ಬರ್ ಅಂಟಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ನಮ್ಮಲ್ಲಿ ಹಿಂದಿನ ತಲೆಮಾರಿನ ಶಾಲಾ ಮಕ್ಕಳು ಹಾಕುತ್ತಿದ್ದ ಡಕ್‌ಬ್ಯಾಕ್ ರೇನ್‌ಕೋಟಿನ ಕಂಪನಿ 1920ರಲ್ಲಿ ಕಲ್ಕತ್ತಾದಲ್ಲಿ ಶುರುವಾಯಿತು. ಇವೆಲ್ಲ ಮಳೆಯನ್ನು ಚೆನ್ನಾಗಿಯೇ ತಡೆಯುತ್ತಿದ್ದವು. ಆದರೆ ಬೆವರಿನ ಆವಿಯನ್ನೂ ಒಳಗೇ ಹಿಡಿದಿಡುತ್ತಿದ್ದವು.

1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಜಗ್ಗಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಪದರ ತಯಾರಿಸಿದ. ಗೋರ್-ಟೆಕ್ಸ್ ಹುಟ್ಟಿದ್ದು ಹೀಗೆ. ರಂಧ್ರಗಳು ನೀರಿನ ಹನಿಗಿಂತ ಬಹಳ ಚಿಕ್ಕವು, ನೀರಾವಿಯ ಕಣಕ್ಕಿಂತ ಬಹಳ ದೊಡ್ಡವು. ಹಾಗಾಗಿ ಹನಿ ಒಳಗೆ ಬರುವುದಿಲ್ಲ, ಆವಿ ಹೊರಗೆ ಹೋಗಬಲ್ಲದು. ಇಂದು ಕಡಿಮೆ ಬೆಲೆಯ ಜಾಕೆಟ್‌ಗಳಲ್ಲಿ ಪಾಲಿಯುರೆಥೇನ್ ಲೇಪನ ಸುಮಾರಾಗಿ ಇದೇ ಕೆಲಸ ಮಾಡುತ್ತದೆ.

ಆದರೆ ಇಲ್ಲೊಂದು ಷರತ್ತಿದೆ. ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗೆ ಆವಿಯ ಒತ್ತಡ ಹೆಚ್ಚಿದ್ದು ಹೊರಗೆ ಕಡಿಮೆ ಇದ್ದರೆ ಮಾತ್ರ ಹೋಗುತ್ತದೆ. ಬೆವರಿದ ಚರ್ಮದ ಪಕ್ಕ, 33 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಈ ಒತ್ತಡ ಸುಮಾರು 5 ಕಿಲೋಪ್ಯಾಸ್ಕಲ್. ಗುಲ್ಮಾರ್ಗ್‌ನ ಹಿಮದಲ್ಲಿ ಸ್ಕೀ ಮಾಡುವವರ ಸುತ್ತ ಮೈನಸ್ 5 ಡಿಗ್ರಿ ಇದ್ದರೆ ಹೊರಗಿನ ಒತ್ತಡ 0.4 ಮಾತ್ರ. ವ್ಯತ್ಯಾಸ 4.6. ಸಂಸೆಯ ಕಡೆ ಮಂಜು ಮುಸುಕಿ 22 ಡಿಗ್ರಿಯಲ್ಲಿ ಮಳೆ ಹಿಡಿದಿದೆ ಎಂದುಕೊಳ್ಳಿ. ಗಾಳಿಯಲ್ಲಿ ತೇವ ತುಂಬಿ ತುಳುಕುತ್ತಿರುತ್ತದೆ, ಹೊರಗಿನ ಒತ್ತಡವೇ 2.6. ವ್ಯತ್ಯಾಸ 2.4ಕ್ಕೆ ಇಳಿಯಿತು. ಅಂದರೆ ಅದೇ ಜಾಕೆಟ್ ಇಲ್ಲಿ ಸುಮಾರು ಅರ್ಧದಷ್ಟೇ ‘ಉಸಿರಾಡುತ್ತದೆ’.

ಇನ್ನೊಂದು ಲೆಕ್ಕ ನೋಡೋಣ. ಲೇಬಲ್‌ನಲ್ಲಿ ಎರಡನೆಯ ಸಂಖ್ಯೆಯೂ 10,000 ಇದ್ದರೆ, ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ 10,000 ಗ್ರಾಂ ಆವಿ ದಾಟಿಸುತ್ತದೆ ಎಂದರ್ಥ. ಜಾಕೆಟ್ಟಿನ ಬಟ್ಟೆ ಒಂದೂವರೆ ಚದರ ಮೀಟರ್ ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 625 ಗ್ರಾಂ. ಅದೂ ಪ್ರಯೋಗಾಲಯದ ಅನುಕೂಲ ಪರಿಸ್ಥಿತಿಯಲ್ಲಿ. ನಮ್ಮ ಮಳೆಯಲ್ಲಿ ಅದು ಅರ್ಧವಾದರೆ 300 ಗ್ರಾಂ ಚಿಲ್ಲರೆ. ಬೆನ್ನಿಗೆ ಚೀಲ ಇದ್ದರೆ ಇನ್ನೂ ಕಡಿಮೆ. ಕಡಿದಾದ ಏರು ಹತ್ತುವಾಗ ಮೈ ಗಂಟೆಗೆ ಅರ್ಧದಿಂದ ಒಂದು ಲೀಟರ್‌ವರೆಗೆ ಬೆವರಬಹುದು. ಮಿಕ್ಕ ಬೆವರು ಎಲ್ಲಿಗೆ ಹೋಗಬೇಕು? ಬನಿಯನ್ನಿಗೇ.

ಇದು ಅಂದಾಜು ಲೆಕ್ಕ. ಕಂಪನಿಗಳು ಬಳಸುವ ಪರೀಕ್ಷಾ ವಿಧಾನಗಳೂ ಬೇರೆ ಬೇರೆ. ಹಾಗಾಗಿ ಒಂದು ಬ್ರ್ಯಾಂಡಿನ 10,000ವನ್ನು ಇನ್ನೊಂದರ 15,000ದ ಜೊತೆ ನೇರ ಹೋಲಿಸಬೇಡಿ. ಮುಖ್ಯ ವಿಷಯ ಇಷ್ಟೇ: ಮಲೆನಾಡಿನ ಮಳೆಯಲ್ಲಿ ಬೆಟ್ಟ ಹತ್ತುವವರನ್ನು ಪೂರ್ತಿ ಒಣಗಿಸಿಡುವ ಜಾಕೆಟ್ ಯಾವ ಬೆಲೆಗೂ ಸಿಗುವುದಿಲ್ಲ.

ಗೊರಬು ಕಲಿಸುವ ಪಾಠ

ಮಲೆನಾಡು, ಕರಾವಳಿಯಲ್ಲಿ ನಾಟಿ ಮಾಡುವವರು ಬೆನ್ನ ಮೇಲೆ ಹೊರುತ್ತಿದ್ದ ಗೊರಬು ನಿಮಗೆ ನೆನಪಿರಬಹುದು. ಬಿದಿರಿನ ಸೀಳು, ಎಲೆಗಳಿಂದ ಹೆಣೆದದ್ದು. ಅದು ಮೈಗೆ ಅಂಟುವುದಿಲ್ಲ. ಮುಂದೆ ತೆರೆದಿರುತ್ತದೆ, ಬದಿಯಲ್ಲಿ ಗಾಳಿ ಆಡುತ್ತದೆ. ನೀರು ಬೆನ್ನಿನ ಮೇಲಿಂದ ಜಾರಿ ಹೋಗುತ್ತದೆ, ಬೆವರಿನ ಆವಿ ಕೆಳಗಿನಿಂದ ಹೊರಗೆ ಹೋಗುತ್ತದೆ.

ಆವಿಯನ್ನು ಬಟ್ಟೆಯ ಮೂಲಕ ಹೊರಗೆ ಕಳಿಸುವುದಕ್ಕಿಂತ ತೆರೆದ ದಾರಿಯಲ್ಲಿ ಗಾಳಿಯ ಜೊತೆ ಕಳಿಸುವುದು ಸುಲಭ. ಕಂಕುಳಲ್ಲಿ ಝಿಪ್ ಇರುವ ಜಾಕೆಟ್ ಮಾಡುವುದೂ ಇದನ್ನೇ. ಆದ್ದರಿಂದ ಬಜೆಟ್ ಕಡಿಮೆಯಿದ್ದರೆ ದುಬಾರಿ ಪದರಕ್ಕಿಂತ ಗಾಳಿಯಾಡುವ ದಾರಿಗಳಿಗೆ ಮೊದಲ ಆದ್ಯತೆ ಕೊಡಿ.

ಯಾರಿಗೆ ಯಾವುದು ಸಾಕು?

ತೋಟದ ಕೆಲಸಕ್ಕೆ: ಕಾಫಿ ಗಿಡದ ರೆಂಬೆ, ಮುಳ್ಳು ತಾಗಿ ತೆಳು ಜಾಕೆಟ್ ಬೇಗ ಹರಿಯುತ್ತದೆ. ದಪ್ಪ ಪಿವಿಸಿ ರೇನ್‌ಕೋಟ್ ಕೆಲವು ನೂರು ರೂಪಾಯಿಗೇ ಸಿಗುತ್ತದೆ, ಬಾಳಿಕೆಯೂ ಇದೆ. ಮೈಗೆ ಒಂದು ಅಳತೆ ದೊಡ್ಡದು, ಬೆನ್ನಿನಲ್ಲಿ ಗಾಳಿ ಆಡಲು ಮಡಿಕೆ ಇರುವುದು ಆರಿಸಿ. ಟೀ ತೋಟದಲ್ಲಿ ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟುವುದು ಕೂಡ ಒಳ್ಳೆಯ ಉಪಾಯವೇ. ಗಿಡಕ್ಕೆ ತಾಗುವ ಭಾಗ ಮಾತ್ರ ಮುಚ್ಚಿ, ಉಳಿದ ಕಡೆ ಗಾಳಿ ಬಿಡುತ್ತದೆ.

ಬೈಕಿಗೆ: ಕೂತಿರುವುದರಿಂದ ಬೆವರು ಕಡಿಮೆ, ಗಾಳಿಯ ರಭಸ ಹೆಚ್ಚು. ಇಲ್ಲಿ ಉಸಿರಾಡುವ ಬಟ್ಟೆಗೆ ಹಣ ಕೊಡುವುದು ದಂಡ. ಝಿಪ್ ಮೇಲೆ ಮುಚ್ಚುವ ಪಟ್ಟಿ, ಬಿಗಿಯಾದ ಕಾಲರ್, ಜೊತೆಗೆ ಪ್ಯಾಂಟ್ ಮತ್ತು ಹೊಳೆಯುವ ಪಟ್ಟಿ ಇದ್ದರೆ ಸಾಕು.

ಚಾರಣಕ್ಕೆ: ಮುಳ್ಳೋಡಿಯಿಂದ ಕುದುರೆಮುಖಕ್ಕೆ ಹೋಗಿ ಬರಲು ಸುಮಾರು 20 ಕಿಲೋಮೀಟರ್, ಶಿಖರದ ಎತ್ತರ ಸುಮಾರು 1,890 ಮೀಟರ್. ಮೇಲಿನ ಹುಲ್ಲುಗಾವಲಿನಲ್ಲಿ ಗಾಳಿಗೆ ಮರೆಯೇ ಇಲ್ಲ. ಇಲ್ಲಿ ಪಾಲಿಯುರೆಥೇನ್ ಲೇಪನದ, ಟೇಪ್ ಹಾಕಿದ ಹೊಲಿಗೆಯ ಹಗುರ ಜಾಕೆಟ್ ಬೇಕು. ಎರಡರಿಂದ ಐದು ಸಾವಿರ ರೂಪಾಯಿಯೊಳಗೆ ಇಂಥವು ಸಿಗುತ್ತವೆ. ಪೊಂಚೊ ಕಾಡಿನ ದಾರಿಯಲ್ಲಿ ಚೀಲವನ್ನೂ ಮುಚ್ಚುತ್ತದೆ, ಗಾಳಿಯೂ ಆಡುತ್ತದೆ. ಆದರೆ ಬಯಲು ಏಣಿನ ಮೇಲೆ ಗಾಳಿಗೆ ಹಾರಿ ಮುಖಕ್ಕೆ ಬಡಿಯುತ್ತದೆ.

ಅಂಗಡಿಯಲ್ಲಿ ಏನೇನು ನೋಡಬೇಕು?

1. ಒಳಮಗ್ಗುಲು ತಿರುಗಿಸಿ ನೋಡಿ. ಎಲ್ಲ ಹೊಲಿಗೆಗೂ ಟೇಪ್ ಇದೆಯೇ? ಕೆಲವು ಜಾಕೆಟ್‌ಗಳಲ್ಲಿ ಹೆಗಲಿಗೆ ಮಾತ್ರ ಇರುತ್ತದೆ.
2. ‘ವಾಟರ್‌ಪ್ರೂಫ್’ ಎಂದಿದೆಯೋ, ‘ವಾಟರ್ ರಿಪೆಲೆಂಟ್’ ಎಂದಿದೆಯೋ? ಎರಡನೆಯದು ತುಂತುರಿಗೆ ಮಾತ್ರ.
3. ಕಂಕುಳ ಝಿಪ್ ಅಥವಾ ಬೆನ್ನಿನ ಗಾಳಿಕಿಂಡಿ ಇದೆಯೇ?
4. ಟೋಪಿಗೆ ಮುಂಚಾಚು ಇದೆಯೇ? ತಲೆ ತಿರುಗಿಸಿದಾಗ ಟೋಪಿಯೂ ತಿರುಗುತ್ತದೆಯೇ?
5. ತೋಳು ಮೇಲೆತ್ತಿ ನೋಡಿ. ಸೊಂಟ ಬಯಲಾಗಬಾರದು, ಮುಂಗೈಯಿಂದ ನೀರು ಒಳಗಿಳಿಯದಂತೆ ಬಿಗಿಯುವ ಪಟ್ಟಿ ಇರಬೇಕು.
6. ಬಣ್ಣ ಎದ್ದು ಕಾಣುವಂತಿರಲಿ. ಮಂಜಿನಲ್ಲಿ ಜೊತೆಯವರು ನಿಮ್ಮನ್ನು ಗುರುತಿಸಬೇಕು.

ಒಳಗೆ ಏನು ಹಾಕಬೇಕು?

ಜಾಕೆಟ್ಟಿನಷ್ಟೇ ಮುಖ್ಯವಾದದ್ದು ಇದು. ಹತ್ತಿ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ನಡೆಯುವಾಗ ಗೊತ್ತಾಗುವುದಿಲ್ಲ, ನಿಂತ ಕೂಡಲೇ ಚಳಿ ಹತ್ತುತ್ತದೆ. ಆಟದ ಪಾಲಿಯೆಸ್ಟರ್ ಟೀ-ಶರ್ಟ್ ಕಡಿಮೆ ಬೆಲೆಯದು, ಬೇಗ ಒಣಗುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗೆ ಇಡುತ್ತದೆ. ಹಿರಿಯರು ಕಂಬಳಿ ಕೊಪ್ಪೆ ಹಾಕಿ ಮಳೆಯಲ್ಲಿ ದುಡಿಯುತ್ತಿದ್ದುದಕ್ಕೆ ಇದೇ ಕಾರಣ. ಚೀಲದಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ ಒಣ ಅಂಗಿಯೊಂದು ಇರಲೇಬೇಕು.

‘ನಮ್ಮೂರಲ್ಲಿ ಹಿಮ ಇಲ್ಲವಲ್ಲ, ಚಳಿಗೆ ಯಾರು ಸಾಯುತ್ತಾರೆ’ ಎನ್ನುವುದು ತಪ್ಪು ನಂಬಿಕೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಬಟ್ಟೆ ಒದ್ದೆಯಾಗಿ, ಗಾಳಿ ಬೀಸುತ್ತಿದ್ದು, ಮೈ ದಣಿದಿದ್ದರೆ ಹಿಮವಿಲ್ಲದ ಜಾಗದಲ್ಲೂ ಇದು ಆಗಬಹುದು. ತಡೆಯಲಾಗದ ನಡುಕ, ತೊದಲು ಮಾತು, ಎಡವುತ್ತಾ ನಡೆಯುವುದು, ಗಲಿಬಿಲಿ ಇದರ ಲಕ್ಷಣಗಳು. ಅಂಥವರನ್ನು ಗಾಳಿಯಿಂದ ಮರೆಗೆ ಕರೆತನ್ನಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹೊದಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ, ಬೇಗ ವೈದ್ಯರ ಬಳಿ ಕರೆದೊಯ್ಯಿರಿ. ‘ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ’ ಎಂಬ ಮಾತು ಕೇಳಬೇಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬಿಸಿಯಾದಂತೆ ಅನಿಸಿದರೂ ಒಳಗಿನ ಶಾಖ ಹೊರಗೆ ಹೋಗುತ್ತದೆ.

ಕೊಂಡ ಮೇಲೆ ಕಾಪಾಡುವುದು ಹೇಗೆ?

ಹೊಸ ಜಾಕೆಟ್ಟಿನ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳುತ್ತದೆ. ಇದು ಹೊರಮೈಯ ತೆಳು ಲೇಪನದಿಂದ. ಕೊಳೆ, ಎಣ್ಣೆ, ಸೋಪಿನ ಅಂಶ ಸೇರಿದಾಗ ಇದು ಮಂಕಾಗುತ್ತದೆ. ಹೊರಬಟ್ಟೆ ನೀರು ಹೀರಿ ಭಾರವಾಗುತ್ತದೆ, ಆವಿ ಹೊರಹೋಗುವುದು ಇನ್ನೂ ಕಡಿಮೆಯಾಗುತ್ತದೆ, ಮೈಗೆ ತಣ್ಣಗೆ ತಾಗುತ್ತದೆ. ಆಗಲೂ ಜಾಕೆಟ್ ಸೋರುತ್ತಿದೆ ಎಂದೇ ಅನಿಸುತ್ತದೆ. ಸ್ವಲ್ಪವೇ ದ್ರವ ಸೋಪಿನಲ್ಲಿ ಕೈಯಿಂದ ಒಗೆದು, ಸೋಪು ಪೂರ್ತಿ ಹೋಗುವಂತೆ ಜಾಲಿಸಿ. ಬಟ್ಟೆ ಮೆದುವಾಗಿಸುವ ದ್ರವ ಬೇಡ. ಲೇಬಲ್ ಅನುಮತಿಸಿದರೆ ಹದ ಬಿಸಿ ಕೊಟ್ಟಾಗ ಲೇಪನ ಮತ್ತೆ ಚುರುಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಮತ್ತೆ ಲೇಪಿಸುವ ಸ್ಪ್ರೇ ಸಿಗುತ್ತದೆ.

ಮಳೆಗಾಲ ಮುಗಿದ ಮೇಲೆ ಒದ್ದೆ ಜಾಕೆಟ್ಟನ್ನು ಮಡಚಿ ಅಟ್ಟಕ್ಕೆ ಎಸೆಯಬೇಡಿ. ತೇವ ಮತ್ತು ಸೆಕೆಗೆ ಪಾಲಿಯುರೆಥೇನ್ ನಿಧಾನವಾಗಿ ಒಡೆದು ಅಂಟಂಟಾಗಿ ಸಿಪ್ಪೆ ಏಳುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ, ಗಾಳಿಯಾಡುವ ಕಡೆ ನೇತುಹಾಕಿ. ಸಿಪ್ಪೆ ಎದ್ದಿದ್ದರೆ ಮಾತ್ರ ಹೊಸದು ತನ್ನಿ. ಸೋರುತ್ತಿರುವುದು ಬರೀ ಹೊಲಿಗೆಯಾದರೆ ಹೊಲಿಗೆಗೆ ಹಚ್ಚುವ ಅಂಟು ಸಾಕು.

ಕೊನೆಗೆ, ನಡಿಗೆಯ ಬಗ್ಗೆ ಒಂದು ಮಾತು. ಏರು ಶುರುವಾಗುವ ಮೊದಲೇ ಒಳಗಿನ ಬಟ್ಟೆ ಒಂದು ಕಡಿಮೆ ಮಾಡಿ, ಝಿಪ್ ಸ್ವಲ್ಪ ತೆರೆಯಿರಿ, ಬೆವರು ಕಿತ್ತುಬರದಷ್ಟು ನಿಧಾನವಾಗಿ ಹತ್ತಿ. ಮೇಲೆ ಹೋಗಿ ನಿಂತಾಗ ಎಲ್ಲ ಮುಚ್ಚಿ, ಒಣ ಅಂಗಿ ಹಾಕಿಕೊಳ್ಳಿ. ಹೆಚ್ಚು ಬೆಲೆಯ ಜಾಕೆಟ್ಟಿಗಿಂತ ಇದು ನಿಮ್ಮನ್ನು ಬೆಚ್ಚಗೆ ಇಡುತ್ತದೆ. ಇದಕ್ಕೆ ಖರ್ಚೂ ಇಲ್ಲ.